ತೆಂಗಿನ ಮರದಿಂದ ಬಿದ್ದವರು

ಚಲುವರಾಜುವಿನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಬೇಕೆಂದು ಕುಳಿತಾಗಲೆಲ್ಲ ನನಗೆ ಬೈಗುಳವೇ ಮೊದಲು ಬರುತ್ತದೆ. ಇರಲಿ, ಅಲ್ಲಿಂದಲೇ ಶುರು ಮಾಡುತ್ತೇನೆ. ಅವನು ಸುಳ್ಳುಗಾರ. ಪಾಂಡವಪುರದ ನಮ್ಮ ನರ್ಸಿಂಗ್ ಹೋಮಿನ ಕೌಂಟರಿನಲ್ಲಿ ಒಂಬತ್ತು ವರ್ಷ ಕುಳಿತು, ದುಂಡಗಿನ ಅಕ್ಷರದಲ್ಲಿ, ಒಂದು ಚಿತ್ತೂ ಇಲ್ಲದೆ ಸುಳ್ಳು ಬರೆದ. ನಾನು, ಪಾರ್ವತಮ್ಮ, ಅದೇ ಒಂಬತ್ತು ವರ್ಷ ಎದುರಿನ ಡ್ರೆಸಿಂಗ್ ರೂಮಿನಲ್ಲಿ ಗಾಯ ತೊಳೆಯುತ್ತ ಆ ಸುಳ್ಳನ್ನು ಕಿವಿಯಾರೆ ಕೇಳಿಸಿಕೊಂಡು ಸುಮ್ಮನಿದ್ದೆ. ಆದ್ದರಿಂದ ಬೈಗುಳದಲ್ಲಿ ಅರ್ಧ ಪಾಲು ನನಗೂ ಸೇರಬೇಕು.

ಚಲುವರಾಜು ತೊಣ್ಣೂರಿನವನು. ನಲವತ್ತೆಂಟು ವಯಸ್ಸು, ಒಣಕಲು ಮೈ, ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ಬೆಳಿಗ್ಗೆ ಎಂಟಕ್ಕೆಲ್ಲ ಮೊಪೆಡ್ಡಿನಲ್ಲಿ ಬರುವನು, ಕಾಲಿಡುವ ಜಾಗದಲ್ಲಿ ಮುದ್ದೆ ಡಬ್ಬಿ. ಆಸ್ಪತ್ರೆಗೆ ಸೇರುವವರ ಹೆಸರು, ಊರು, ಏನಾಯಿತು ಎಂಬುದನ್ನು ಬರೆದುಕೊಳ್ಳುವುದು ಅವನ ಕೆಲಸದ ಮೊದಲ ಭಾಗ. ಎರಡನೆಯ ಭಾಗ ವಿಮೆ. ಕಾರ್ಡು ಇದ್ದವರ ಕಾಗದ ಕಂಪನಿಗೆ ಕಳಿಸುವುದು, ಕಂಪನಿ ಆಗುವುದಿಲ್ಲ ಎಂದರೆ ಜಗಳ ತೆಗೆಯುವುದು. ಜಗಳ ಅವನಿಗೆ ಊಟಕ್ಕಿಂತ ರುಚಿ. ಒಮ್ಮೆ, ಕಾಲಿನ ಮೂಳೆ ಹೊರಗೆ ಬಂದಿದ್ದ ಒಬ್ಬ ಮುದುಕನಿಗೆ ‘ಆಸ್ಪತ್ರೆಗೆ ಸೇರುವ ಅಗತ್ಯವಿರಲಿಲ್ಲ’ ಎಂದು ಕಂಪನಿ ಬರೆದಿತ್ತು. ಇವನು ಫೋನು ಹಚ್ಚಿದ.

"ಮೇಡಂ, ಅಗತ್ಯ ಇರ್ಲಿಲ್ಲ ಅಂತ ನೀವು ಎಂಗೆ ಕಂಡ್ರಿ? ಬೇಕಾದ್ರೆ ಆ ಕಾಲ್ನ ನಿಮ್ಮ ಆಫೀಸ್ಗೇ ಕಳುಸ್ಕೊಡ್ತೀನಿ. ಒಂದ್ಸಲ ನೋಡ್ಬುಟ್ಟು ವಾಪಸ್ ಕಳ್ಸಿ, ಮುದುಕಪ್ಪ ಮನೀಗ್ ವೋಗ್ಬೇಕು."

ವಾರ್ಡಿನಲ್ಲಿದ್ದವರೆಲ್ಲ ನಕ್ಕರು. ಮಂಜೂರಾತಿ ಮಾತ್ರ ಮೂರು ದಿನಕ್ಕೆ ಬಂತು. ಇಂಥದ್ದರಿಂದಲೇ ಅವನ ಹೆಸರು ಸುತ್ತ ಹರಡಿತ್ತು. ನಾಗಮಂಗಲದ ಕಡೆಯಿಂದ, ಹೊಣಕೆರೆ ಹೋಬಳಿಯ ಹಳ್ಳಿಗಳಿಂದ, ಕೆ.ಆರ್. ಪೇಟೆಯಿಂದ ಜನ ಡಾಕ್ಟರ ಹೆಸರು ಹೇಳದೆ "ಚಲುವಣ್ಣ ಅವ್ರಾ?" ಎಂದು ಕೇಳಿಕೊಂಡು ಬರುತ್ತಿದ್ದರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿಯ ಕೈಯಿಂದ ಕಿತ್ತು ಕೊಡುವವನು ಇವನು ಎಂದು ಜನ ನಂಬಿದ್ದರು. ನಾನೂ ನಂಬಿದ್ದೆ.

ಇನ್ನು ಆ ಸುಳ್ಳಿನ ವಿಷಯ. ನಮ್ಮ ಸೀಮೆಯಲ್ಲಿ ಯಂತ್ರಕ್ಕೆ ಸಿಕ್ಕಿ ಗಾಯವಾದವರು ಯಂತ್ರದ ಹೆಸರು ಹೇಳುವುದಿಲ್ಲ. ಆಲೆಮನೆಯ ಗಾಣಕ್ಕೆ ಬೆರಳು ಕೊಟ್ಟವನು ಗಾಣ ಎನ್ನುವುದಿಲ್ಲ, ರೈಸ್‌ಮಿಲ್ಲಿನ ಬೆಲ್ಟಿಗೆ ಸಿಕ್ಕವನು ಬೆಲ್ಟು ಎನ್ನುವುದಿಲ್ಲ. ಹೇಳಿದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕು, ಪೊಲೀಸರು ಯಜಮಾನನ ಅಂಗಳಕ್ಕೆ ಹೋಗಬೇಕು. ಯಜಮಾನ ಎಂದರೆ ಎಲ್ಲಿಯವನೋ ಅಲ್ಲ. ಬಾಣಂತನಕ್ಕೆ ಹಾಲು ಕೊಟ್ಟವನು, ಮಗಳ ಮದುವೆಗೆ ಚಪ್ಪರಕ್ಕೆ ಬಿದಿರ ಗಳ ಕೊಟ್ಟವನು, ಅದೇ ಬೀದಿಯವನು. ಅವನ ಮಾನ ಠಾಣೆಗೆ ಎಳೆಯುವುದು ಹೇಗೆ? "ಮನೇಲಿ ಜಾರಿ ಬಿದ್ದೆ" ಎಂದು ಬರೆಸುವುದು ಹಳೆಯ ರೂಢಿ. ಆದರೆ ಜಜ್ಜಿಹೋದ ಕೈ ನೋಡಿ ಮನೆಯಲ್ಲಿ ಜಾರಿದ್ದು ಎಂದರೆ ಯಾರು ನಂಬುತ್ತಾರೆ? ಚಲುವರಾಜು ಅದಕ್ಕೊಂದು ಉಪಾಯ ಕಂಡುಕೊಂಡಿದ್ದ. ತೆಂಗಿನ ಮರ. ಮರದಿಂದ ಬಿದ್ದರೆ ಮೂಳೆ ಮುರಿಯಬಹುದು, ಚರ್ಮ ಸುಲಿಯಬಹುದು, ತಲೆಯೂ ಒಡೆಯಬಹುದು. ಮರ ಅವರದೇ ಆದ್ದರಿಂದ ಯಾರ ಮಾನವೂ ಹೋಗುವುದಿಲ್ಲ. ಹೀಗೆ ನಮ್ಮ ರಿಜಿಸ್ಟರಿನಲ್ಲಿ ಜನ ತೆಂಗಿನ ಮರದಿಂದ ಬೀಳತೊಡಗಿದರು.

ಹೋದ ವರ್ಷದ ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಸಿಂಧಘಟ್ಟದ ಕಡೆಯಿಂದ ಒಂದು ಜೀಪು ಬಂತು. ಹಿಂದಿನ ಸೀಟಿನಲ್ಲಿ ರವೀಂದ್ರ ಎಂಬ ಮೂವತ್ತನಾಲ್ಕರ ಗಂಡಾಳು, ಬಲಗೈಗೆ ಟವೆಲ್ಲು ಸುತ್ತಿತ್ತು. ಜೊತೆಗೆ ಅವನ ತಾಯಿ ಕುಳ್ಳಮ್ಮ, ಹೆಂಡತಿ ಪ್ರಿಯಾಂಕ. ರವೀಂದ್ರ ಊರಿನ ಗೌಡರ ನಾರಿನ ಫ್ಯಾಕ್ಟರಿಯಲ್ಲಿ ತೆಂಗಿನ ಸಿಪ್ಪೆಯನ್ನು ಯಂತ್ರಕ್ಕೆ ಕೊಡುವ ಕೆಲಸದವನು. ಜೀಪು ಗೌಡರದೇ. ಡ್ರೈವರು ಇಳಿಯಲೂ ಇಲ್ಲ, ಇಂಜಿನ್ನು ನಿಲ್ಲಿಸಲೂ ಇಲ್ಲ.

"ಏನಾಯ್ತವ್ವ?" ಎಂದು ಚಲುವರಾಜು ಕೇಳಿದ.

"ನಾರಿನ ಮಿಷನ್ಗೆ..." ಎಂದು ಪ್ರಿಯಾಂಕ ಬಾಯಿ ತೆಗೆದಳು. ಕುಳ್ಳಮ್ಮ ಸೊಸೆಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು.

"ಸುಮ್ಕಿರಮ್ಮಿ ನೀನು. ಉಂಡ ಮನೆ ಜಂತೆ ಎಣುಸ್ಬಾರ್ದು. ಚಲುವಣ್ಣ, ನೀವೇ ಏನಾರ ಬರ್ಕಳಿ. ಪೊಲೀಸು ಗಿಲೀಸು ಬ್ಯಾಡ."

"ಆಯ್ತು ಬುಡವ್ವ. ಮನೆತಾವ ತೆಂಗಿನ ಮರ ಅವಾ?"

"ಎರಡವೆ."

"ಸಾಕು," ಎಂದು ಚಲುವರಾಜು ಬರೆದ. ‘ಸ್ವಂತ ತೆಂಗಿನ ಮರದಿಂದ ಬಿದ್ದು ಬಲಗೈಗೆ ಪೆಟ್ಟು.’

ಒಳಗೆ ನಾನು ಟವೆಲ್ಲು ಬಿಚ್ಚಿದೆ. ಇಪ್ಪತ್ತಾರು ವರ್ಷ ಗಾಯ ನೋಡಿದವಳು ನಾನು, ಆದರೂ ದೀಪ ಹತ್ತಿರ ಎಳೆದು ಮತ್ತೊಮ್ಮೆ ನೋಡಿದೆ. ಅಂಗೈಯ ಒಳಗೆಲ್ಲ ಕಂದು ಬಣ್ಣದ ನಾರು, ನಾರಿನ ಪುಡಿ. ಡಾಕ್ಟರು ಹಿಡಿದು ತೋರಿಸಿದಂತೆಲ್ಲ ಚಿಮಟದಲ್ಲಿ ಒಂದೊಂದೇ ಎಳೆ ತೆಗೆದೆ. ಟ್ರೇ ತುಂಬಿತು. ಮರದ ಮೇಲಿರುವ ಕಾಯಿಯಲ್ಲಿ ನಾರು ಹೀಗೆ ಬಿಡಿಬಿಡಿಯಾಗಿ ಇರುತ್ತದೆಯೇ? ಯಂತ್ರ ಬಡಿದ ಮೇಲೆ ಬರುವ ನಾರು ಅದು. ಡಾಕ್ಟರು ಕೌಂಟರಿನ ಕಾಗದ ನೋಡುವವರಲ್ಲ. ಅವರು ಆಪರೇಷನ್ ಟಿಪ್ಪಣಿಯಲ್ಲಿ ಕಂಡದ್ದನ್ನು ಕಂಡಂತೆ ಬರೆದರು: ‘ಗಾಯದೊಳಗಿಂದ ತೆಂಗಿನ ನಾರು ತೆಗೆಯಲಾಯಿತು.’ ಒಂದೇ ಕಡತದಲ್ಲಿ ಮೊದಲ ಹಾಳೆಯಲ್ಲಿ ಮರ, ಐದನೇ ಹಾಳೆಯಲ್ಲಿ ನಾರು. ಎರಡನ್ನೂ ನಾನು ನೋಡಿದೆ. ಹೊಲಿಗೆ ಹಾಕಿ ಕೈ ತೊಳೆದುಕೊಂಡು ಶ್ರೀರಂಗಪಟ್ಟಣದ ಬಸ್ಸು ಹತ್ತಿ ಮನೆಗೆ ಹೋದೆ.

ಕೈ ಉಳಿಯಿತು, ಆದರೆ ಬೆರಳು ಮಡಚುತ್ತಿರಲಿಲ್ಲ. ಒಳಗೆ ತುಂಡಾದ ನರಗಳನ್ನು ಜೋಡಿಸಲು ಎರಡನೇ ಆಪರೇಷನ್ನು ಆಗಬೇಕು, ಮೂರು ತಿಂಗಳೊಳಗೆ ಆದರೆ ಕೈ ಕೆಲಸಕ್ಕೆ ಬರುತ್ತದೆ, ತಡವಾದಷ್ಟೂ ಬೆರಳು ಸೆಟೆದುಕೊಳ್ಳುತ್ತವೆ ಎಂದು ಡಾಕ್ಟರು ಹೇಳಿದರು. ಮೈಸೂರಿನಿಂದ ವಾರಕ್ಕೊಮ್ಮೆ ಬರುವ ಸರ್ಜನ್ನು ನಮ್ಮಲ್ಲೇ ಮಾಡಬಲ್ಲರು. ವಿಮೆ ಕಂಪನಿ ಹೂಂ ಎಂದರೆ ಆಯಿತು. ಹೂಂ ಎನ್ನುವುದು ಅಷ್ಟು ಸಲೀಸೇ?

ರವೀಂದ್ರನ ಮನೆಯಲ್ಲಿ ಎರಡು ಹಸು. ಊರಿನ ಹಾಲಿನ ಸೊಸೈಟಿಯ ಮೂಲಕ ಮಾಡಿಸಿದ ಆರೋಗ್ಯ ಕಾರ್ಡು ಇತ್ತು. ಚಲುವರಾಜು ಅದಕ್ಕೆ ಕಾಗದ ಕಳಿಸಿದ. ಇಪ್ಪತ್ತನಾಲ್ಕನೆಯ ದಿನಕ್ಕೆ ಉತ್ತರ ಬಂತು. ‘ಗಾಯದಲ್ಲಿ ತೆಂಗಿನ ನಾರು ಕಂಡುಬಂದಿರುವುದರಿಂದ ಇದು ಕೆಲಸದ ಸ್ಥಳದ ಅಪಘಾತ. ಈ ಕಾರ್ಡಿಗೆ ಒಳಪಡುವುದಿಲ್ಲ.’

"ಬಲೇ ಬುದ್ವಂತ್ರು! ನಾರು ಕಂಡ್ಬುಟ್ಟವ್ರೆ," ಎಂದು ಚಲುವರಾಜು ನಕ್ಕ. ಆಗಲೂ ನಗುತ್ತಿದ್ದ. ಬ್ಯಾಂಕು ಸಾಲಕ್ಕೆ ಬೇಕೆಂದು ಗೌಡರು ಕೂಲಿಯವರ ಹೆಸರಿನಲ್ಲಿ ಒಂದು ಅಪಘಾತ ವಿಮೆ ಮಾಡಿಸಿದ್ದರು, ಅದರ ಪತ್ರ ಫ್ಯಾಕ್ಟರಿಯ ಗೋಡೆಗೆ ಅಂಟಿಸಿತ್ತು. ಪ್ರಿಯಾಂಕ ಯಾರಿಗೂ ಹೇಳದೆ ಹೋಗಿ ಫೋನಿನಲ್ಲಿ ಫೋಟೋ ಹಿಡಿದು ತಂದಳು. ಕೆಲಸದ ಅಪಘಾತ ಎಂದು ಅವರೇ ಹೇಳಿದ ಮೇಲೆ ಇನ್ನೇನು ಎಂದು ಚಲುವರಾಜು ಅದೇ ಕಡತದ ಜೆರಾಕ್ಸು ಮಾಡಿಸಿ ಅಲ್ಲಿಗೆ ಕಳಿಸಿದ. ಮತ್ತೆ ಇಪ್ಪತ್ತು ದಿನ. ಉತ್ತರ ಹೀಗಿತ್ತು: ‘ಆಸ್ಪತ್ರೆಯ ದಾಖಲೆಯ ಪ್ರಕಾರ ಸ್ವಂತ ತೆಂಗಿನ ಮರದಿಂದ ಬಿದ್ದದ್ದು. ಕೆಲಸಕ್ಕೂ ಗಾಯಕ್ಕೂ ಸಂಬಂಧವಿಲ್ಲ. ಅಂದು ಸದರಿ ವ್ಯಕ್ತಿ ರಜೆಯಲ್ಲಿದ್ದನೆಂದು ಮಾಲೀಕರು ತಿಳಿಸಿರುತ್ತಾರೆ.’

ಒಂದು ಕಂಪನಿಗೆ ನಾರು ಕಂಡಿತು, ಮರ ಕಾಣಲಿಲ್ಲ. ಇನ್ನೊಂದಕ್ಕೆ ಮರ ಕಂಡಿತು, ನಾರು ಕಾಣಲಿಲ್ಲ. ಅಡಕತ್ತರಿಯಲ್ಲಿ ಸಿಕ್ಕಿದ್ದು ಮಾತ್ರ ರವೀಂದ್ರನ ಕೈ. ಚಲುವರಾಜು ಎರಡು ಕಾಗದವನ್ನೂ ಮೇಜಿನ ಮೇಲೆ ಜೋಡಿಸಿಟ್ಟು ಬಹಳ ಹೊತ್ತು ನೋಡಿದ. ಆಮೇಲೆ ನನ್ನನ್ನು ಕರೆದ.

"ಸಿಸ್ಟ್ರೇ, ಬನ್ನಿ ಇಲ್ಲಿ. ಈ ಮೇಲ್ಗಡೆ ಇರೋ ಚಿತ್ರ ನೋಡಿ, ವಿಳಾಸ ನೋಡಿ."

ಎರಡರ ಮೇಲೂ ಒಂದೇ ಚಿತ್ರ. ಒಂದೇ ಕಂಪನಿ, ಮೈಸೂರಿನ ಒಂದೇ ಕಟ್ಟಡ. ಒಂದು ಎರಡನೇ ಮಹಡಿ, ಇನ್ನೊಂದು ಮೂರನೇ ಮಹಡಿ. ಅವತ್ತು ಚಲುವರಾಜು ನಗಲಿಲ್ಲ.

ಗೌಡರು ಒಂದು ಸಾಲು ಬರೆದುಕೊಟ್ಟಿದ್ದರೆ ಸಾಕಿತ್ತು, ಕೈ ಯಂತ್ರಕ್ಕೆ ಸಿಕ್ಕಿತು ಎಂದು. ಕುಳ್ಳಮ್ಮ ತಾನೇ ಕೇಳುತ್ತೇನೆ ಎಂದು ಹೋದಳು. ಮಾರನೆಯ ದಿನ ಮಗನ ಡ್ರೆಸಿಂಗಿಗೆ ಬಂದಾಗ ನಾನು ಕೇಳುವ ಮೊದಲೇ ಅವಳೇ ಹೇಳಿದಳು.

"ಗೌಡ್ರು ಜಗ್ಲಿ ಮ್ಯಾಲೆ ಕೂತಿದ್ರು ಕನವ್ವ. ಕಾಪಿ ಕೊಡ್ಸುದ್ರು. ಆಮೇಲೆ ಅಂದ್ರು, ‘ಕುಳ್ಳಿ, ಮರದಿಂದ ಬಿದ್ದ ಅಂತ ನೀನೇ ಬರ್ಸಿದ್ದೀಯಲ್ಲ. ಈಗ ಮಿಷನ್ನು ಅಂತ ನಾನ್ ಬರ್ಕೊಟ್ರೆ ನಾನು ಸುಳ್ಳುಗಾರ ಆಗಕಿಲ್ವಾ?’ ಅಂತ."

"ನೀನೇನಂದೆ?"

"ಏನನ್ಲಿ? ಮೂವತ್ತು ವರ್ಸ ಅವ್ರ ಕೊಟ್ಟಿಗೆ ಸಗಣಿ ಬಾಚಿವ್ನಿ. ಅವ್ರ ಮಾನ ಉಳ್ಸನ ಅಂತ ನನ್ ಮಗನ್ ಕೈನೇ ಕೊಟ್ಬುಟ್ನಲ್ಲವ್ವ. ಅವ್ರು ಆ ಮಾನ ಇಟ್ಕಂಡು ನನ್ಗೇ ವೊಡುದ್ರು."

ಅವಳು ಅಳಲಿಲ್ಲ. ನಾನು ಚಿಮಟವನ್ನು ಟ್ರೇಗೆ ಎಸೆದೆ. ಆ ಗೌಡ ಕಾಫಿ ಕೊಡಿಸಿದನಂತೆ! ಮೂಗಿಗೆ ತುಪ್ಪ ಸವರುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಯಾರ ಮಾನ ಕಾಯಲೆಂದು ಆ ಸುಳ್ಳು ಹುಟ್ಟಿತೋ ಅವನೇ ಅದನ್ನು ಎತ್ತಿ ಇವಳ ತಲೆಯ ಮೇಲೆ ಹಾಕಿದ. ಈಗಲೂ ಅದನ್ನು ನೆನೆದರೆ ನನಗೆ ಮೈ ಉರಿಯುತ್ತದೆ.

ಮೂರು ತಿಂಗಳ ಗಡುವಿಗೆ ಇನ್ನು ಮೂರು ವಾರ ಉಳಿದಿದ್ದಾಗ ನಾವು ನಾಲ್ವರು ಮೈಸೂರಿಗೆ ಹೋದೆವು: ಚಲುವರಾಜು, ರವೀಂದ್ರ, ಕುಳ್ಳಮ್ಮ, ರಜೆ ಹಾಕಿ ನಾನು. ಕಂಪನಿಯ ಕಟ್ಟಡ ಗಾಜಿನದು. ಒಳಗೆ ತಣ್ಣಗಿತ್ತು. ಎರಡನೇ ಮಹಡಿಯಲ್ಲಿ ಟೈ ಕಟ್ಟಿಕೊಂಡ ಒಬ್ಬ ಅಧಿಕಾರಿ, ವಯಸ್ಸು ಮೂವತ್ತರ ಆಸುಪಾಸು, ಎದ್ದು ನಿಂತು ಕುರ್ಚಿ ಕೊಟ್ಟ. ನಯ ನಾಜೂಕಿಗೆ ಕೊರತೆ ಇರಲಿಲ್ಲ. ಚಲುವರಾಜು ಎರಡು ಕಾಗದವನ್ನೂ ಅವನ ಮುಂದೆ ಹರಡಿದ.

"ಸಾರ್, ಎರಡ್ನೇ ಮಹಡೀಲಿ ಇವ್ನು ಮಿಷನ್ಗೆ ಕೈ ಕೊಟ್ಟವ್ನೆ. ಮೂರ್ನೇ ಮಹಡೀಲಿ ಇವ್ನೇ ತೆಂಗಿನ ಮರದಿಂದ ಬಿದ್ದವ್ನೆ. ಮೆಟ್ಲು ಅತ್ತಿ ಓಗೋದ್ರೊಳ್ಗೆ ಏನಾಯ್ತು ಅಂತ ಯೋಳಿ."

"ಡಿಪಾರ್ಟ್‌ಮೆಂಟ್ ಬೇರೆ ಬೇರೆ ಸರ್. ಅವರವರ ಮುಂದೆ ಇರೋ ಪೇಪರ್ ನೋಡಿ ಅವರವರು ತೀರ್ಮಾನ ಮಾಡ್ತಾರೆ."

"ಪೇಪರ್ ಒಂದೇ ಸಾರ್. ನಾನೇ ಜೆರಾಕ್ಸ್ ಮಾಡ್ಸಿ ಎರಡು ಕಡೀಗೂ ಕಳ್ಸಿದ್ದು. ಎಲ್ಲಿ ಇಲ್ಲ ಅನ್ಬೋದೋ ಆ ಸಾಲು ಮಾತ್ರ ಓದ್ತೀರಲ್ಲ, ಅದನ್ನ ಎಲ್ಲಿ ಕಲ್ತ್ಕಂಡ್ರಿ?"

ಅಧಿಕಾರಿ ಸಿಟ್ಟಾಗಲಿಲ್ಲ. ಕಡತ ತರಿಸಿ ನಿಧಾನವಾಗಿ ತಿರುವಿದ. ರವೀಂದ್ರ ತನ್ನ ಬಲಗೈಯನ್ನು ಮೇಜಿನ ಅಂಚಿನ ಮೇಲೆ ಇಟ್ಟುಕೊಂಡು ಕುಳಿತಿದ್ದ. ಕಡತದಲ್ಲಿ ಕೈಯ ಫೋಟೋ ನೋಡಿದ ಆ ಮನುಷ್ಯ ಒಂದು ಗೇಣು ಆಚೆಗಿದ್ದ ಕೈಯನ್ನು ಒಮ್ಮೆಯೂ ನೋಡಲಿಲ್ಲ.

"ಸರ್, ಎರಡು ಮಾತು ಇರೋದು ನಿಮ್ಮ ದಾಖಲೆಯಲ್ಲೇ ಅಲ್ವಾ? ಮರ ಅಂತಾನೂ ಇದೆ, ನಾರು ಅಂತಾನೂ ಇದೆ. ಮರ ಅಂತ ಬರೆದವರು ಯಾರೋ ಅವರು ಅದು ತಪ್ಪು ಅಂತ ಅಫಿಡವಿಟ್ ಕೊಡಲಿ. ಮಾಲೀಕರ ಮಾತನ್ನ ಆಮೇಲೆ ನಾವು ವಿಚಾರಿಸ್ತೀವಿ."

ನಾನು ಚಲುವರಾಜುವಿನ ಮುಖ ನೋಡಿದೆ. ಫೋನಿನಲ್ಲಿ ಎಲ್ಲರ ನೀರಿಳಿಸುವವನು ಇಲ್ಲಿ ಕಾಗದ ಮಡಚಿ ಜೇಬಿಗಿಟ್ಟುಕೊಂಡ. ಅಫಿಡವಿಟ್ ಕೊಡುವುದೆಂದರೆ ಬೇಕೆಂದೇ ಸುಳ್ಳು ಬರೆದೆ ಎಂದು ಛಾಪಾ ಕಾಗದದ ಮೇಲೆ ಸಹಿ ಹಾಕುವುದು. ಆಸ್ಪತ್ರೆಯವರು ಮರುದಿನ ಅವನನ್ನು ಇಟ್ಟುಕೊಳ್ಳುವರೇ?

ವಾಪಸು ಬಸ್ಸಿನಲ್ಲಿ ಅವನು ನನ್ನ ಪಕ್ಕ ಕುಳಿತ. ಮೈಸೂರು ದಾಟಿದ ಮೇಲೆ ತನ್ನ ತಂದೆ ದ್ಯಾವಯ್ಯನ ಕತೆ ಹೇಳಿದ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ದ್ಯಾವಯ್ಯ ಒಂದು ರೈಸ್‌ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ. ಬೆಲ್ಟಿಗೆ ಕಾಲು ಸಿಕ್ಕಿತು. ಆಸ್ಪತ್ರೆಯಲ್ಲಿ ಇದ್ದದ್ದು ಇದ್ದಂತೆ ಬರೆಸಿದ. ಪೊಲೀಸರು ಬಂದು ಮಿಲ್ಲು ಮುಚ್ಚಿಸಿದರು, ಇಪ್ಪತ್ತು ಮನೆಗೆ ಕೂಲಿ ನಿಂತಿತು. ನೀರು ಸೇದಲು ಹೋದ ಇವನ ತಾಯಿಯ ಜೊತೆ ಊರಲ್ಲಿ ಯಾರೂ ಮಾತಾಡಲಿಲ್ಲ. ಪರಿಹಾರ ಕೊಡದೆ ಮಿಲ್ಲಿನವನು ಎಳೆದಾಡಿದ ಕೋರ್ಟಿನ ವಾಯಿದೆ ಮುಗಿಯುವ ಮೊದಲೇ ದ್ಯಾವಯ್ಯ ಸತ್ತ.

"ನಿಜ ಯೋಳಿ ನಮ್ಮಪ್ಪ ಏನ್ ಕಡ್ದು ಕಟ್ಟೆ ಆಕ್ದ ಸಿಸ್ಟ್ರೇ? ಅದ್ಕೇ ಯಾರೂ ಅಂಗೆ ಆಗ್ಬಾರ್ದು ಅಂತ ನಾನು ಮರ ಬರ್ಕಂಡ್ ಬಂದೆ. ಒಳ್ಳೇದೇ ಮಾಡ್ತಾ ಇವ್ನಿ ಅನ್ಕಂಡಿದ್ದೆ."

ಅವನ ಬಗ್ಗೆ ನನಗೆ ಅಯ್ಯೋ ಅನ್ನಿಸಿತು. ಆದರೆ ಮುಂದಿನ ಸೀಟಿನಲ್ಲಿ ರವೀಂದ್ರ ಎಡಗೈಯಿಂದ ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಚುವುದು, ಬಿಟ್ಟೊಡನೆ ಅವು ನೆಟ್ಟಗಾಗುವುದು ಕಾಣುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ನಿಮ್ಮಪ್ಪನ್ನ ಸೋಲ್ಸಿದ್ದು ನಿಜ ಯೋಳಿದ್ದಲ್ಲ ಕಣ್ಲಾ, ರೈಸ್‌ಮಿಲ್ನೋನು. ನೀನು ಅವನ್ ಮೇಲಿನ್ ಸಿಟ್ಟ ನಿಜದ್ ಮೇಲೆ ತೀರ್ಸ್ಕಂಡೆ. ಮರ ಬರ್ದು ಬರ್ದು ಅಂಥ ಯಜಮಾನ್ರನ್ನೇ ಉಳ್ಸ್ಕಂಡ್ ಬಂದೆ. ಈ ಉಡ್ಗನ್ ಕೈ ನೋಡು. ಒಳ್ಳೇದ್ ಮಾಡಿದ್ದು ಯಾರ್ಗೆ?"

ಅವನು ಕಿಟಕಿಯ ಕಡೆ ತಿರುಗಿದ. ನಾನು ಶ್ರೀರಂಗಪಟ್ಟಣದಲ್ಲಿ ಇಳಿದೆ. ಬರುತ್ತೇನೆ ಎಂದು ಹೇಳಲೂ ಇಲ್ಲ.

ಮರುದಿನ ಅವನು ಎಂಟಕ್ಕೆ ಬರಲಿಲ್ಲ. ಹನ್ನೊಂದಕ್ಕೆ ಬಂದ, ಕೈಯಲ್ಲಿ ನೋಟರಿ ಮೊಹರು ಬಿದ್ದ ಕಾಗದ. ಓದಿಕೊಳ್ಳಿ ಎಂದು ನನಗೆ ಕೊಟ್ಟ. ‘ಸಿಂಧಘಟ್ಟದ ರವೀಂದ್ರ ನಾರಿನ ಯಂತ್ರಕ್ಕೆ ಸಿಕ್ಕಿ ಗಾಯಗೊಂಡಿದ್ದನ್ನು ತಿಳಿದೂ ತೆಂಗಿನ ಮರದಿಂದ ಬಿದ್ದದ್ದೆಂದು ಬರೆದವನು ನಾನು. ರೋಗಿಯಾಗಲಿ ಅವನ ಮನೆಯವರಾಗಲಿ ಹಾಗೆ ಹೇಳಿರುವುದಿಲ್ಲ. ವೈದ್ಯರಿಗೂ ಈ ವಿಷಯ ತಿಳಿದಿರುವುದಿಲ್ಲ. ಈ ಸುಳ್ಳು ನನ್ನೊಬ್ಬನದು.’

"ಕುಳ್ಳಮ್ಮನೇ ಅಲ್ವೇನ್ಲಾ ಬೇಡ ಅಂದಿದ್ದು?" ಎಂದೆ.

"ಮರ ಅನ್ನೋ ಮಾತು ನಂದೇ ಸಿಸ್ಟ್ರೇ. ಆ ತಾಯಿ ಪೊಲೀಸು ಬ್ಯಾಡ ಅಂದ್ಲು ಅಷ್ಟೇಯ."

ನಾರು ತೆಗೆದದ್ದನ್ನು ನಾನೂ ಬೇರೆ ಕಾಗದದಲ್ಲಿ ಬರೆದುಕೊಟ್ಟೆ. ಎಲ್ಲ ಕೇಳಿಸಿಕೊಂಡು ಸುಮ್ಮನಿದ್ದದ್ದನ್ನು ಮಾತ್ರ ಬರೆಯಲಿಲ್ಲ. ಧೈರ್ಯ ಸಾಲಲಿಲ್ಲ. ಆ ಸಾಲನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಫಿಡವಿಟ್ ಮುಟ್ಟಿದ ಮೇಲೂ ಕಂಪನಿ ಐದು ವಾರ ತೆಗೆದುಕೊಂಡಿತು. ಗೌಡರ ಫ್ಯಾಕ್ಟರಿಗೆ ಯಾರೋ ಹೋಗಿ ಬಂದರಂತೆ, ಹಾಜರಿ ಪುಸ್ತಕ ನೋಡಿದರಂತೆ. ಅಂದು ರಜೆ ಎಂದು ಬರೆದ ಶಾಯಿ ಬೇರೆಯಾಗಿತ್ತಂತೆ. ಕೊನೆಗೆ ಕೂಲಿಯವರ ವಿಮೆಯಲ್ಲೇ ಮಂಜೂರು ಮಾಡಿದರು. ಆಪರೇಷನ್ನು ಆಗುವ ಹೊತ್ತಿಗೆ ಮೂರು ತಿಂಗಳು ಕಳೆದು ಮೇಲೆ ಇಪ್ಪತ್ತು ದಿನವಾಗಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮಡಚುತ್ತವೆ. ಉಳಿದೆರಡು ಮಡಚುವುದಿಲ್ಲ. ರವೀಂದ್ರ ಈಗ ಮೂರು ಬೆರಳಿನಲ್ಲಿ ಹಾಲು ಕರೆಯುತ್ತಾನೆ. ಮೊದಲ ಕಾಗದಕ್ಕೇ ಹೂಂ ಎಂದಿದ್ದರೆ ಐದರಲ್ಲೂ ಕರೆಯುತ್ತಿದ್ದನೇನೋ. ಆ ಎರಡು ಬೆರಳಿಗೆ ಯಾರು ಹೊಣೆ ಎಂದು ಎರಡನೇ ಮಹಡಿಯವರನ್ನು ಕೇಳಲೇ, ಮೂರನೇ ಮಹಡಿಯವರನ್ನು ಕೇಳಲೇ?

ನಮ್ಮ ಆಸ್ಪತ್ರೆಯ ಮಾಲೀಕರು ಚಲುವರಾಜುವನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಹತ್ತು ನಿಮಿಷಕ್ಕೆ ಅವನು ಹೊರಗೆ ಬಂದು ಮುದ್ದೆ ಡಬ್ಬಿ ತೆಗೆದುಕೊಂಡ. ಒಂಬತ್ತು ವರ್ಷ ಅವನು ಬರೆದ ಸುಳ್ಳಿನಿಂದ ಪೊಲೀಸರ ತಂಟೆ ತಪ್ಪಿಸಿಕೊಂಡ ಆಸ್ಪತ್ರೆ, ಅವನು ಮೊದಲ ಸಲ ನಿಜ ಬರೆದ ಕೂಡಲೇ ಹೊರಗೆ ಹಾಕಿತು. ನಾವು ಯಾರೂ ಕೆಲಸ ನಿಲ್ಲಿಸಲಿಲ್ಲ. ಈಗ ಅವನು ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಒಂದು ಸ್ಟೂಲು ಹಾಕಿಕೊಂಡು ಕಂಪನಿಗಳು ತಿರಸ್ಕರಿಸಿದ ಕಾಗದಗಳಿಗೆ ಮೇಲ್ಮನವಿ ಬರೆದುಕೊಡುತ್ತಾನೆ. ಮೊದಲು ಕೇಳುವ ಪ್ರಶ್ನೆ, "ಎಲ್ಲಾಯ್ತು? ನಿಜ ಯೋಳು."

ಅವನು ಹೋದ ಮೇಲೆ ನನಗೆ ಮನಸ್ಸು ತಡೆಯಲಿಲ್ಲ. ಊಟದ ಬಿಡುವಿನಲ್ಲಿ ಹಳೆಯ ರಿಜಿಸ್ಟರುಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಒಂಬತ್ತು ವರ್ಷದಲ್ಲಿ ನಮ್ಮಲ್ಲಿಗೆ ಬಂದ, ತೆಂಗಿನ ಮರದಿಂದ ಬಿದ್ದವರು ಇನ್ನೂರ ಹದಿನಾಲ್ಕು ಜನ. ಅದರಲ್ಲಿ ಹೆಂಗಸರು ಮೂವತ್ತೊಂಬತ್ತು. ಒಬ್ಬಳಿಗೆ ಅರವತ್ತೇಳು ವಯಸ್ಸು. ಒಬ್ಬಳು ಏಳು ತಿಂಗಳ ಬಸುರಿ. ನಮ್ಮ ಸೀಮೆಯಲ್ಲಿ ಬಸುರಿ ಹೆಂಗಸು ತೆಂಗಿನ ಮರ ಹತ್ತಿದ್ದನ್ನು ಯಾರಾದರೂ ಕಂಡಿದ್ದೀರಾ? ಆ ಪುಟಗಳಿಗೆ ಡಾಕ್ಟರು ಓದದೆಯೇ ಸಹಿ ಹಾಕಿದ್ದಾರೆ, ವರ್ಷಕ್ಕೊಮ್ಮೆ ಬರುವ ತಪಾಸಣೆಯವರು ಮೊಹರು ಒತ್ತಿದ್ದಾರೆ, ಕಂಪನಿಯವರು ಅಡಿಗೆರೆ ಎಳೆದಿದ್ದಾರೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಆ ಮೂವತ್ತೊಂಬತ್ತು ಗಾಯಗಳಲ್ಲಿ ಬಹುಪಾಲು ನನ್ನ ಕೈಯಲ್ಲೇ ತೊಳೆಸಿಕೊಂಡವು.

ಕಳೆದ ತಿಂಗಳು ಒಂದು ಬೆಳಿಗ್ಗೆ ಆಟೋದಲ್ಲಿ ಕುಳ್ಳಮ್ಮ ಬಂದಿಳಿದಳು. ಈ ಸಲ ಜೊತೆಗೆ ಇದ್ದವಳು ಮಾಯಮ್ಮ, ಅದೇ ನಾರಿನ ಫ್ಯಾಕ್ಟರಿಯವಳು, ಐವತ್ತರ ಹತ್ತಿರದ ಹೆಂಗಸು. ಸೆರಗಿನಲ್ಲಿ ಸುತ್ತಿದ್ದ ಎಡಗೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಕೌಂಟರಿನಲ್ಲಿ ಚಲುವರಾಜುವಿನ ಜಾಗಕ್ಕೆ ಬಂದ ಮೇಘನ ಕುಳಿತಿದ್ದಳು. ಬಂದು ಎರಡು ತಿಂಗಳಾಗಿತ್ತು, ಆಸ್ಪತ್ರೆಯ ರೂಢಿಯನ್ನು ಅವಳಿಗೂ ಯಾರೋ ಕಲಿಸಿದ್ದರು.

"ಏನಾಯ್ತಮ್ಮ?"

ಮಾಯಮ್ಮ ನೆಲ ನೋಡುತ್ತ ಹೇಳಿದಳು. "ತೆಂಗಿನ ಮರದಿಂದ ಬಿದ್ದೆ ಕನವ್ವ."

ಮೇಘನ ಪೆನ್ನು ಎತ್ತಿಕೊಂಡಳು. ಕುಳ್ಳಮ್ಮ ಕೌಂಟರಿನ ಕಟ್ಟೆಯ ಮೇಲೆ ಅಂಗೈ ಬಡಿದಳು. ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಯಾವ್ ಮರ? ಇವ್ಳು ಉಟ್ದಾಗ್ನಿಂದ ಒಂದು ಬೇಲಿ ಅತ್ತಿದ್ದು ನಾನ್ ಕಂಡಿಲ್ಲ! ಬರ್ಕಳವ್ವ. ನಾರಿನ ಮಿಷನ್ನು. ನಮ್ಮೂರ್ ಗೌಡ್ರ ಮಿಷನ್ನು. ನನ್ ಮಗನ್ ಎರಡು ಬೆರಳು ತಿಂದಿದ್ದು ಅದೇಯ."

"ಪೊಲೀಸಿಗೆ ಹೇಳಬೇಕಾಗುತ್ತಮ್ಮ," ಎಂದು ಮೇಘನ ಮೆಲ್ಲಗೆ ಹೇಳಿದಳು.

"ಯೋಳು. ನಾನೇ ನಂಬರ್ ಕೊಡ್ಲಾ?"

ಮೇಘನ ಏನು ಮಾಡಲಿ ಎನ್ನುವಂತೆ ನನ್ನ ಕಡೆ ನೋಡಿದಳು. ನಾನು ಡ್ರೆಸಿಂಗ್ ರೂಮಿನಿಂದ ಹೊರಗೆ ಬಂದು, ಮಾಯಮ್ಮನ ಕೈ ಹಿಡಿದು, ಸೆರಗು ಬಿಚ್ಚಿ, ಒಳಗಿದ್ದ ನಾರನ್ನು ಮೇಘನಳಿಗೆ ತೋರಿಸಿದೆ.

"ಆ ತಾಯಿ ಯೋಳ್ದಂಗೆ ಬರ್ಕ," ಎಂದೆ. ಅವಳು ಬರೆದಳು.